ನೆಟ್ಟಗೆ ಮಾಡಿದ ಫೋಟೋಗಳು

ತಣಿಸಂದ್ರ
ಜೂನ್ 4, 2024

ಅಪ್ಪ,

ಎಂಟು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ರಾಜಿಗೆ ಬಂದಳು ಅಂದುಕೊಳ್ಳಬೇಡಿ, ಒಂದು ಕೆಲಸವಿದೆ. ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಜಗಳವಾಗುತ್ತದೆ, ಅದಕ್ಕೇ ಕಾಗದ. ನಾಗಮಣಿ ಅತ್ತೆ ನಿಮ್ಮನ್ನು ನೋಡಲು ನಾಳೆ ಹೇಗೂ ಇಲ್ಲಿಂದ ಕೊಡಿಗೇಹಳ್ಳಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಯುಗಾದಿಯಿಂದೀಚೆಗೆ ನನಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿದೆ, ಒಂದರ ಮೇಲೊಂದು. ಬಾಗಲೂರಿನ ಔಷಧ ಗೋದಾಮಿನಲ್ಲಿ ನನ್ನ ಕೆಲಸವೇ ಪೆಟ್ಟಿಗೆಗಳ ಮೇಲಿನ ಬ್ಯಾಚ್ ನಂಬರ್ ನೋಡುವುದು. ಮೇಲಿನ ಸಾಲು ಬಂದು ಕೆಳಗಿನ ಸಾಲಿನ ಮೇಲೆ ಕೂತುಬಿಡುತ್ತದೆ. ಎರಡು ಸಲ ತಪ್ಪು ಪೆಟ್ಟಿಗೆ ಕಳಿಸಿದೆ. ಮ್ಯಾನೇಜರ್ ಮನೋಹರ್ ಸರ್, "ಏನಮ್ಮಾ, ನಿದ್ದೆಗಣ್ಣಲ್ಲಿ ಕೆಲಸ ಮಾಡ್ತಿದ್ದೀಯಾ?" ಎಂದರು. ಹೋದ ವಾರ ಹೆಬ್ಬಾಳದ ಫ್ಲೈಓವರ್ ಮೇಲೆ ಮುಂದಿದ್ದ ಬಸ್ಸು ಎರಡಾಯಿತು. ಸ್ಕೂಟರ್ ಬದಿಗೆ ಹಾಕಿ ಅತ್ತುಬಿಟ್ಟೆ.

ಹೆಬ್ಬಾಳದ ಕಣ್ಣಾಸ್ಪತ್ರೆಗೆ ತೋರಿಸಿದೆ. ಎಡಗಣ್ಣಿನ ಒಂದು ಸ್ನಾಯು ಸೋತಿದೆಯಂತೆ. ಅದಕ್ಕೆ ಎದುರಾಗಿ, ಕಣ್ಣುಗುಡ್ಡೆಯ ಕೆಳಗೆ ಓರೆಯಾಗಿರುವ ಇನ್ನೊಂದು ಸ್ನಾಯು ಅತಿಯಾಗಿ ಎಳೆಯುತ್ತಿದೆಯಂತೆ. ನಾನು ಬಲಕ್ಕೆ ನೋಡಿದಾಗ ಎಡಗಣ್ಣು ಮೇಲಕ್ಕೆ ಜಾರುವುದು ಅದಕ್ಕೇ. ಡಾಕ್ಟರ್ ಪ್ರತಿಭಾ ಮೇಡಂ ಕೇಳಿದ್ದು ಒಂದೇ: "ಚಿಕ್ಕೋರಿದ್ದಾಗಿಂದ ತಲೆ ಬಲಗಡೆ ವಾಲಿಸ್ತಿದ್ರಾ? ಹಳೇ ಫೋಟೋ ಇದ್ರೆ ತನ್ನಿ, ಗೊತ್ತಾಗುತ್ತೆ." ಹುಟ್ಟಿನಿಂದ ಇದ್ದರೆ ಭಯವಿಲ್ಲ, ಆಪರೇಷನ್ ಮಾಡಿ ಸರಿಮಾಡುತ್ತಾರೆ. ಹೊಸದಾಗಿ ಬಂದಿದ್ದರೆ ಒಳಗೆ ಬೇರೇನಾದರೂ ಇದೆಯೇ ಎಂದು ಹುಡುಕಬೇಕಂತೆ.

ನನಗೆ ನೆನಪಿಲ್ಲ. ನೀವು ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದದ್ದು ನೆನಪಿದೆ, ಆದರೆ ನಿಮ್ಮ ಫೋಟೋ ಸ್ಟುಡಿಯೋಗೆ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಮಾಡುತ್ತಿದ್ದಿರಿ. ಅತ್ತೆ ಆಗ ಶಿವಮೊಗ್ಗದಲ್ಲಿದ್ದರು. ಅಮ್ಮ ಇಲ್ಲ. ನನ್ನ ಫೋನಿನಲ್ಲಿ ನನ್ನದೊಂದು ಫೋಟೋ ಇಲ್ಲ, ನಿಮಗೇ ಗೊತ್ತು. ಆದ್ದರಿಂದ ಬಾಲ್ಯದ ಫೋಟೋಗಳನ್ನು ಕಳಿಸಿ. ಸಂಬಂಧ ಕೇಳಿ ಯಶವಂತಪುರದ ಹುಡುಗನ ಮನೆಗೆ ತಿದ್ದಿದ ಫೋಟೋ ಕಳಿಸಿದ್ದಿರಲ್ಲ, ಅಂಥದ್ದು ಬೇಡ. ಆ ಹುಡುಗನ ತಾಯಿ ಅದನ್ನು ನನ್ನ ಮುಖದ ಪಕ್ಕ ಹಿಡಿದು, "ಈ ಹುಡುಗಿ ಒಳಗಿದ್ದಾಳಾ? ಕರೀರಿ" ಎಂದದ್ದು ಇನ್ನೂ ಕಿವಿಯಲ್ಲಿದೆ. ಚಿಕ್ಕಂದಿನ ಫೋಟೋಗಳನ್ನಾದರೂ ತಿದ್ದುವ ಕಾರಣ ನಿಮಗಿರಲಿಲ್ಲ.

ನೀವು ಬರುವುದು ಬೇಡ. ಫೋಟೋ ಸಾಕು.

ಮಹತಿ


ಕೊಡಿಗೇಹಳ್ಳಿ
ಜೂನ್ 6, 2024

ಪ್ರೀತಿಯ ಮಗಳು ಮಹತಿಗೆ ಆಶೀರ್ವಾದಗಳು.

ನಿನ್ನ ಅಕ್ಷರ ನೋಡಿ ಕಾಗದವನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ. ನಾಗಮಣಿ ಅಕ್ಕ, "ಕನ್ನಡಕ ಹಾಕ್ಕೊಂಡು ಓದೋ, ಮೂಸಿ ನೋಡಿದ್ರೆ ಏನ್ ಗೊತ್ತಾಗುತ್ತೆ" ಎಂದಳು.

ಕಣ್ಣಿಗೆ ಏನೂ ಆಗುವುದಿಲ್ಲ, ಧೈರ್ಯವಾಗಿರು. ಕ್ಯಾರೆಟ್ ತಿನ್ನು. ಆ ಗೋದಾಮಿನ ಮಬ್ಬು ಬೆಳಕಿನಲ್ಲಿ ಸಣ್ಣ ಅಕ್ಷರ ನೋಡಿ ನೋಡಿ ಆಯಾಸವಾಗಿರಬೇಕು. ಇಲ್ಲಿ ನಮ್ಮ ಸ್ಟುಡಿಯೋ ಮುಂದಿನ ರಸ್ತೆಯನ್ನು ಮತ್ತೆ ಅಗೆದಿದ್ದಾರೆ, ಹಲಗೆ ದಾಟಿ ಬರಬೇಕು. ಆಧಾರ್ ಕಾರ್ಡಿನ ತಮ್ಮ ಫೋಟೋ ಕಂಡು ಅಳುವವರನ್ನು ಸಮಾಧಾನ ಮಾಡುವುದೇ ಈಗ ನನ್ನ ಕಸುಬು. ಪಕ್ಕದ ಮನೆ ಮುನಿರಾಮಯ್ಯನಿಗೆ ಎಪ್ಪತ್ತು ತುಂಬಿತಂತೆ, ಹುಡುಗರು ಫ್ಲೆಕ್ಸ್ ಹಾಕಿಸುತ್ತಾರಂತೆ, ತಲೆಗೆ ಕೂದಲು ಬರಿಸಿಕೊಡು ಎಂದು ಬಂದು ಕೂತ. ಬರಿಸಿದೆ. ನೋಡಿ, "ಇದು ನಾನೇನಾ ಗುರುವೇ?" ಎಂದು ಕುಣಿದಾಡಿದ.

ನಿನ್ನಮ್ಮನ ನಲವತ್ತನೇ ಹುಟ್ಟುಹಬ್ಬಕ್ಕೆ ಹಳೆಯ ಫೋಟೋಗಳನ್ನೆಲ್ಲ ಹೊಸದಾಗಿ ಪ್ರಿಂಟ್ ಹಾಕಿ ಮಾಡಿಕೊಟ್ಟಿದ್ದೆನಲ್ಲ, ಆ ದೊಡ್ಡ ಆಲ್ಬಮ್ ಕಳಿಸಿದ್ದೇನೆ. ಮೊದಲ ವರ್ಷದಿಂದ ಹತ್ತನೇ ತರಗತಿಯವರೆಗೆ ಎಲ್ಲ ಇದೆ. ಇನ್ನೇನಾದರೂ ಬೇಕಿದ್ದರೆ ಕೇಳು. ಆದರೆ ಇರುವುದು ಇಷ್ಟೇ.

ಯಶವಂತಪುರದ ವಿಷಯ ನಾನು ಎತ್ತುವುದಿಲ್ಲ. ಆಗಿದ್ದು ಆಯಿತು.

ಇಂತಿ ನಿನ್ನ ಅಪ್ಪ
ಶೇಷಗಿರಿ


ತಣಿಸಂದ್ರ
ಜೂನ್ 14, 2024

ಅಪ್ಪ,

ಮೇಡಂ ಆಲ್ಬಮ್‌ನ ಪುಟಗಳನ್ನು ಒಂದೊಂದಾಗಿ ತಿರುವಿದರು. ಮೊದಲು ಮುಖದಲ್ಲಿ ನಗುವಿತ್ತು, ಬರುಬರುತ್ತ ಹೋಯಿತು. "ಎಲ್ಲಾದ್ರಲ್ಲೂ ಕತ್ತು ನೆಟ್ಟಗಿದೆಯಲ್ಲ. ಕಣ್ಣೂ ಸರಿಯಾಗೇ ಇದೆ. ಹಾಗಿದ್ರೆ ಇದು ಹೊಸದು" ಎಂದರು. ಆಪರೇಷನ್ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಇಪ್ಪತ್ತನೇ ತಾರೀಕು. ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಾರೆ.

ಏನು ಹುಡುಕುತ್ತೀರಿ ಎಂದು ಕೇಳಿದೆ. "ಏನೂ ಇರಲ್ಲ ಬಿಡಿ, ಆದ್ರೂ ನೋಡ್ಬಿಡೋಣ" ಎಂದರು. ಹಾಗೆಂದರೆ ಏನೆಂದು ನನಗೆ ತಿಳಿಯದೇ? ಮನೆಗೆ ಬಂದು ಒಂದು ಕಣ್ಣು ಮುಚ್ಚಿಕೊಂಡು ಫೋನಿನಲ್ಲಿ ಓದಿದೆ. ಓದಬಾರದಿತ್ತು. ಮೆದುಳಿನ ಗಡ್ಡೆ ಎಂಬ ಮಾತು ಎಲ್ಲ ಕಡೆ ಬರುತ್ತದೆ. ಅತ್ತೆಗೆ ಹೇಳಿಲ್ಲ, ಅವರ ಬಿಪಿ ನಿಮಗೆ ಗೊತ್ತಲ್ಲ. ಈ ಮಾತನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕಾಗಿ ಬಂತು ನೋಡಿ, ನನ್ನ ಹಣೆಬರಹ.

ಸರಿಯಾಗಿ ನೆನಪು ಮಾಡಿಕೊಂಡು ತಿಳಿಸಿ. ನಾನು ಯಾವಾಗಲಾದರೂ ಬಿದ್ದು ತಲೆಗೆ ಪೆಟ್ಟಾಗಿತ್ತೇ? ಚಿಕ್ಕಂದಿನಲ್ಲಿ ನನ್ನ ಕಣ್ಣಿನ ಬಗ್ಗೆ ಯಾರಾದರೂ ಏನಾದರೂ ಹೇಳಿದ್ದರೇ? ಅಮ್ಮ ಇದ್ದಿದ್ದರೆ ಅವಳನ್ನು ಕೇಳುತ್ತಿದ್ದೆ. ಇಪ್ಪತ್ತರೊಳಗೆ ಉತ್ತರ ಬೇಕು.

ಭಯವಾಗುತ್ತಿದೆ ಅಪ್ಪ.

ಮಹತಿ


ಕೊಡಿಗೇಹಳ್ಳಿ
ಜೂನ್ 23, 2024

ಮಹತಿ,

ನಿನಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ಆ ಆಲ್ಬಮ್ ಸುಳ್ಳು.

ಅದರಲ್ಲಿರುವ ಒಂದು ಫೋಟೋದಲ್ಲೂ ನಿನ್ನ ಕತ್ತು ನೆಟ್ಟಗಿರಲಿಲ್ಲ. ಕಂಪ್ಯೂಟರಿನಲ್ಲಿ ಕೂತು ನಾನು ನೆಟ್ಟಗೆ ಮಾಡಿದೆ. ಭುಜದ ಮೇಲಿಂದ ತಲೆಯನ್ನು ಬಿಡಿಸಿ, ತಿರುಗಿಸಿ ಕೂರಿಸಿದೆ. ಮೇಲೆ ಜಾರಿದ್ದ ಎಡಗಣ್ಣನ್ನು ಅಳಿಸಿ, ಬಲಗಣ್ಣನ್ನೇ ಮಗುಚಿ ಅಲ್ಲಿ ಅಂಟಿಸಿದೆ. ಒಂದನ್ನೂ ಬಿಡಲಿಲ್ಲ. ಮೂರು ತಿಂಗಳು ಹಿಡಿಯಿತು. ನಿನ್ನಮ್ಮ ಆಲ್ಬಮ್ ತೆರೆದು, "ಎಷ್ಟ್ ಚೆನ್ನಾಗಿ ಬಂದಿದೆ ಕಣ್ರೀ" ಎಂದಳು. ಇನ್ನೆರಡು ಪುಟ ತಿರುವಿದಳು. ಆಮೇಲೆ, "ಇದು ಯಾರ ಮಗಳು?" ಎಂದು ಕೇಳಿದಳು. ತಮಾಷೆಗೆ ಕೇಳಿದಳೆಂಬಂತೆ ನಕ್ಕುಬಿಟ್ಟೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನಿನಗೆ ಆರು ವರ್ಷ, 2005. ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಬಂದಿದ್ದ ಡಾಕ್ಟರು ನಿನ್ನ ಕೈಯಲ್ಲೇ ಒಂದು ಚೀಟಿ ಕಳಿಸಿದ್ದರು. ಮಗುವಿನ ತಲೆ ವಾಲುವುದು ಕಣ್ಣಿನ ಸ್ನಾಯುವಿನಿಂದ, ದೊಡ್ಡಾಸ್ಪತ್ರೆಗೆ ತೋರಿಸಿ, ಆಪರೇಷನ್ ಬೇಕಾಗಬಹುದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಿನ್ನಮ್ಮ, "ಏನಂತೆ?" ಎಂದು ಕೇಳಿದಳು. "ವಿಟಮಿನ್ ಕಮ್ಮಿಯಂತೆ, ಕ್ಯಾರೆಟ್ ತಿನ್ಸು" ಎಂದೆ. ಪಾಪ, ಅವಳು ವರ್ಷವಿಡೀ ನಿನಗೆ ಕ್ಯಾರೆಟ್ ಕೋಸಂಬರಿ ಮಾಡಿ ತಿನ್ನಿಸಿದಳು. ಈ ತಿಂಗಳು ನಿನಗೆ ಬರೆದಾಗಲೂ ಕ್ಯಾರೆಟ್ ತಿನ್ನು ಎಂದೆನಲ್ಲ, ನನ್ನ ಕೈಗೆ ಅದೆಷ್ಟು ಅಭ್ಯಾಸವಾಗಿದೆ ನೋಡು.

ಯಾಕೆ ಎಂದು ಕೇಳುತ್ತೀಯ. ಮಗುವಿನ ಕಣ್ಣಿಗೆ ಕತ್ತರಿ ಹಾಕಿಸಲು ಹೆದರಿದೆ ಎಂದು ಹೇಳಿಕೊಳ್ಳಬಹುದು. ಅದೂ ನಿಜ. ಪೂರ್ತಿ ನಿಜ ಅದಲ್ಲ. ನಾಚಿಕೆಯಾಗಿತ್ತು. ಊರಿನವರ ಮುಖವನ್ನೆಲ್ಲ ಚೆಂದ ಮಾಡಿಕೊಡುವವನ ಮಗಳಿಗೇ ಮೆಳ್ಳೆಗಣ್ಣು ಎಂದು ಆಡಿಕೊಂಡಾರು ಎನ್ನಿಸಿತು. ಆಸ್ಪತ್ರೆಗೆ ಓಡಾಡಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು. ಕಂಪ್ಯೂಟರಿನಲ್ಲಾದರೆ ಬಾಗಿಲು ಹಾಕಿಕೊಂಡು ಮಾಡಬಹುದಿತ್ತು.

ನಿನ್ನ ಕಾಗದ ಹದಿನೈದನೇ ತಾರೀಕೇ ನನ್ನ ಕೈಗೆ ಬಂತು. ಗಡ್ಡೆ ಎಂಬ ಮಾತು ಓದಿದೆ. ದಿನಾ ಪೆನ್ನು ಹಿಡಿದು ಕೂತೆ. ಸ್ಕ್ಯಾನ್‌ನಲ್ಲಿ ಏನೂ ಬಾರದಿದ್ದರೆ ಇದನ್ನೆಲ್ಲ ಹೇಳುವ ಪ್ರಮೇಯವೇ ಬೀಳುವುದಿಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದೆ. ಮಗಳು ಸಾವಿನ ಭಯದಲ್ಲಿರುವಾಗ ಇಂಥ ಲೆಕ್ಕ ಹಾಕಿದವನು ಅಪ್ಪನೇ? ನನ್ನ ಜನ್ಮಕ್ಕಿಷ್ಟು.

ಚಿಕ್ಕಂದಿನ ಫೋಟೋಗಳ ನೆಗೆಟಿವ್‌ಗಳಿವೆ. ಅವುಗಳ ಮೇಲೆ ನಾನು ಕೈಯಾಡಿಸಿಲ್ಲ. ಎಲ್ಲವನ್ನೂ ಕಳಿಸಿದ್ದೇನೆ. ಎಡಬಲ ತಿರುಗುಮುರುಗಾಗದಂತೆ ಪ್ರತಿಯೊಂದರ ಕವರಿನ ಮೇಲೂ ಗುರುತು ಹಾಕಿದ್ದೇನೆ. ಬೆಳಕಿಗೆ ಹಿಡಿದು ನೋಡಲು ಡಾಕ್ಟರಿಗೆ ಹೇಳು. ನಿನ್ನ ಅಪ್ಪ ಸುಳ್ಳುಗಾರ ಎಂದೂ ಹೇಳು.

ಶೇಷಗಿರಿ


ತಣಿಸಂದ್ರ
ಜೂನ್ 27, 2024

ಅಪ್ಪ,

ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಅದನ್ನು ಮೊದಲು ತಿಳಿಸಿಬಿಡುತ್ತೇನೆ, ನೀವು ಊಟ ಬಿಟ್ಟು ಕೂತಿದ್ದೀರೆಂದು ಅತ್ತೆ ಹೇಳಿದರು.

ಇಪ್ಪತ್ತನೇ ತಾರೀಕು ಆ ಯಂತ್ರದೊಳಗೆ ಮಲಗಿ, ನನ್ನ ಸಾಮಾನುಗಳನ್ನು ಯಾರು ಯಾರಿಗೆ ಎಂದು ಹಂಚುತ್ತಿದ್ದೆ. ಸ್ಕೂಟರ್ ಅತ್ತೆಗೆ. ಅವರಿಗೆ ಓಡಿಸಲು ಬರುವುದಿಲ್ಲ, ಆದರೂ ಅವರಿಗೇ. ಅಮ್ಮನ ಓಲೆ ನಿಮಗೆ. ಹೌದು, ನಿಮಗೆ ಕೊಡಬೇಕು ಎಂದೇ ಅಂದುಕೊಂಡೆ. ಆ ಹೊತ್ತಿಗೆ ನೀವು ಕೊಡಿಗೇಹಳ್ಳಿಯಲ್ಲಿ ಕೂತು ಹೇಳಲೋ ಬೇಡವೋ ಎಂದು ನೋಡುತ್ತಿದ್ದಿರಿ.

ಮೇಡಂ ನೆಗೆಟಿವ್‌ಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟರು. "ನೋಡಿ, ಒಂದ್ ವರ್ಷದ ಮಗು ಇದ್ದಾಗ್ಲೇ ತಲೆ ಬಲಕ್ಕಿದೆ. ಹಾಗೆ ವಾಲಿಸಿದ್ರೆ ಎರಡು ಕಾಣ್ತಿದ್ದದ್ದು ಒಂದಾಗಿ ಕಾಣುತ್ತೆ. ಯಾರೂ ಹೇಳ್ಕೊಡದೆ ಮಗು ತಾನೇ ಉಪಾಯ ಕಂಡ್ಕೊಂಡಿದೆ. ಈಗ ಆ ಉಪಾಯ ಸಾಲ್ತಿಲ್ಲ, ಅದಕ್ಕೇ ಎರಡು ಕಾಣ್ತಿದೆ" ಎಂದರು. ನಾನು ಜಾಣೆಯಾಗಿದ್ದೆನಂತೆ ಅಪ್ಪ. ಕ್ಯಾಮೆರಾ ಮುಂದೆ ಕೂರಿಸಿ ನೀವು ಪ್ರತಿ ಸಲ ಗದ್ದ ಹಿಡಿದು ನೆಟ್ಟಗೆ ಮಾಡಿದಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಲೈಟಿಗೆ ಎನ್ನುತ್ತಿದ್ದಿರಿ. ನಾನೂ ಹಾಗೇ ನಂಬಿದ್ದೆ.

ಚೀಟಿಯ ವಿಷಯ ಓದಿದಾಗ ಒಂದು ನೆನಪಾಯಿತು. ಅಮ್ಮ ಕ್ಯಾರೆಟ್ ತುರಿಯುತ್ತ ಬೆರಳು ಕೊಯ್ದುಕೊಂಡಿದ್ದಳು. ನೀವೇ ಪಟ್ಟಿ ಕಟ್ಟಿದಿರಿ.

ಜುಲೈ ಹದಿನೆಂಟಕ್ಕೆ ಆಪರೇಷನ್. ಅತ್ತೆ ಇರುತ್ತಾರೆ. ನೀವು ಬರಬೇಡಿ. ಬಂದರೆ ನಾನು ಎದ್ದು ಹೋಗುತ್ತೇನೆ.

ಮಹತಿ


ಕೊಡಿಗೇಹಳ್ಳಿ
ಜುಲೈ 17, 2024

ಮಹತಿ,

ಬರುವುದಿಲ್ಲ. ನಾಳೆ ಸ್ಟುಡಿಯೋ ಬಾಗಿಲು ತೆಗೆಯುವುದಿಲ್ಲ, ಮನೆಯಲ್ಲೇ ಇರುತ್ತೇನೆ. ಮುಗಿದ ಕೂಡಲೇ ಅಕ್ಕನಿಗೆ ಒಂದು ಫೋನ್ ಮಾಡಲು ಹೇಳು. ನೀನು ಮಾತಾಡುವುದು ಬೇಡ. ಎಚ್ಚರವಾಯಿತು ಎಂಬ ಒಂದು ಮಾತು ಸಾಕು.

ನಿನ್ನಮ್ಮ ಇದ್ದಿದ್ದರೆ ನನ್ನನ್ನು ಮನೆಗೆ ಸೇರಿಸುತ್ತಿರಲಿಲ್ಲ.

ಅಪ್ಪ


ತಣಿಸಂದ್ರ
ಆಗಸ್ಟ್ 11, 2024

ಅಪ್ಪ,

ಅತ್ತೆ ಎಲ್ಲ ಹೇಳಿರುತ್ತಾರೆ. ಆದರೂ ನಾನೇ ಬರೆಯುತ್ತೇನೆ.

ಅತಿಯಾಗಿ ಎಳೆಯುತ್ತಿದ್ದ ಸ್ನಾಯುವನ್ನು ಕಣ್ಣುಗುಡ್ಡೆಯಿಂದ ಬಿಡಿಸಿ, ಒಂದಿಷ್ಟು ಹಿಂದಕ್ಕೆ ಸರಿಸಿ ಹೊಲಿದಿದ್ದಾರೆ. ಎಳೆತ ಸಡಿಲವಾಯಿತು, ಅಷ್ಟೇ. ಒಂದು ಗಂಟೆಯೂ ಆಗಲಿಲ್ಲ. ಸಂಜೆಗೆ ಮನೆಯಲ್ಲಿದ್ದೆ. ಎರಡು ವಾರ ಕಣ್ಣು ಕೆಂಡದಂತಿತ್ತು, ಈಗ ಪರವಾಗಿಲ್ಲ. ಬಲಕ್ಕೆ ನೋಡಿದರೂ ಕಣ್ಣು ಜಾರುವುದಿಲ್ಲ. ಬ್ಯಾಚ್ ನಂಬರ್ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಮನೋಹರ್ ಸರ್, "ಈಗ ಎದ್ದೆ ನೋಡು" ಎಂದರು. ಒಂದು ಗಂಟೆಯ ಕೆಲಸ ಅಪ್ಪ. ಅದಕ್ಕೆ ಹತ್ತೊಂಬತ್ತು ವರ್ಷ ಕಾಯಿಸಿದಿರಿ.

ಇನ್ನೊಂದು ಮಾತಿದೆ. ಹೇಳಬಾರದು ಎಂದುಕೊಂಡಿದ್ದೆ. ನನ್ನ ಬಲಗೆನ್ನೆ ಎಡಗೆನ್ನೆಗಿಂತ ಸಣ್ಣದು. ಮೇಡಂ ಕನ್ನಡಿ ಹಿಡಿದು ತೋರಿಸಿದರು. ತಲೆ ವಾಲಿಸಿಕೊಂಡೇ ಬೆಳೆದ ಮಕ್ಕಳಲ್ಲಿ ಹಾಗಾಗುತ್ತದಂತೆ. "ಚಿಕ್ಕ ವಯಸ್ಸಲ್ಲೇ ಮಾಡ್ಸಿದ್ರೆ ಇಷ್ಟು ಆಗ್ತಿರ್ಲಿಲ್ವೇನೋ" ಎಂದರು. ಮೂಳೆ ಬಲಿತಿದೆ, ಇನ್ನು ಅದು ಹಾಗೇ. ಬೇರೆಯವರಿಗೆ ಗೊತ್ತಾಗುವುದಿಲ್ಲವಂತೆ. ನನಗೆ ಗೊತ್ತಾಗುತ್ತದೆ. ಮುಖ ತೊಳೆಯುವಾಗ ಕೈಗೆ ಸಿಗುತ್ತದೆ.

ನಿಮಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ.

ಮಹತಿ


ಕೊಡಿಗೇಹಳ್ಳಿ
ಸೆಪ್ಟೆಂಬರ್ 1, 2024

ಮಹತಿ,

ನೋವಾಯಿತು. ಆಗಬೇಕಾದದ್ದೇ.

ಈ ಸಲ ಕೃಷ್ಣ ಜನ್ಮಾಷ್ಟಮಿಗೂ ಎಂದಿನಂತೆ ಮಕ್ಕಳು ಕೃಷ್ಣ, ರಾಧೆಯರಾಗಿ ಸ್ಟುಡಿಯೋಗೆ ಬಂದರು. ಹಳೇ ಊರಿನ ಮುನಿನಾರಾಯಣಮ್ಮನ ಸೊಸೆ ಸರಳಾ ನಾಲ್ಕು ವರ್ಷದ ಮಗಳಿಗೆ ರಾಧೆಯ ವೇಷ ಹಾಕಿಸಿ ಕರೆತಂದಿದ್ದಳು. ಲೈಟು ಹಾಕಿ ಕ್ಯಾಮೆರಾದಲ್ಲಿ ನೋಡಿದೆ. ಮಗು ಅಮ್ಮನ ಕಡೆ, ಬಲಕ್ಕೆ ನೋಡಿ ನಕ್ಕಿತು. ಎಡಗಣ್ಣು ಮೂಗಿನ ಕಡೆ ಹೊರಳಿ ಮೇಲಕ್ಕೆ ಜಾರಿತು. ಕ್ಯಾಮೆರಾ ಕೆಳಗಿಟ್ಟೆ.

"ಅಣ್ಣಾ, ಕಣ್ಣು ಒಸಿ ಇಂಗೈತೆ, ಕಂಪ್ಯೂಟ್ರಲ್ಲಿ ಸರಿ ಮಾಡ್ಬುಡಿ. ಮುನಿರಾಮಯ್ಯನೋರ್ಗೆ ಕೂದ್ಲೇ ಬರ್ಸಿದ್ರಂತಲ್ಲ" ಎಂದಳು ಸರಳಾ.

"ಮಾಡಲ್ಲಮ್ಮಾ. ಮಗೂನ ಕಣ್ಣಿನ ಡಾಕ್ಟ್ರಿಗೆ ತೋರ್ಸು" ಎಂದೆ.

"ಏನಣ್ಣಾ, ನಾನು ಫೋಟೋ ತೆಗ್ಸಕ್ ಬಂದಿವ್ನಿ, ಬುದ್ಧಿ ಏಳಿಸ್ಕೊಳ್ಳಕ್ಕಲ್ಲ. ಮೆಳ್ಳೆಗಣ್ಣು ಅದೃಷ್ಟ ಅಂತ ನಮ್ಮತ್ತೆ ಏಳ್ತಾರೆ." ಮಗುವನ್ನು ಎತ್ತಿಕೊಂಡು ರೈಲ್ವೆ ಗೇಟಿನ ಹತ್ತಿರದ ಇನ್ನೊಂದು ಸ್ಟುಡಿಯೋಗೆ ಹೋದಳು. ಅಲ್ಲಿಯವನು ಹತ್ತು ನಿಮಿಷದಲ್ಲಿ ಸರಿಮಾಡಿ ಕೊಟ್ಟನಂತೆ.

ಮಾರನೇ ದಿನ ಅವರ ಮನೆಗೆ ಹೋದೆ, ಬಾಗಿಲು ತೆಗೆಯಲಿಲ್ಲ. ನಿನ್ನೆ ಮತ್ತೆ ಹೋದೆ. ಮುನಿನಾರಾಯಣಮ್ಮ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಮಗೀಗೆ ಕಣ್ಣು ಕುಯ್ಸು ಅಂತೀಯಲ್ಲ, ನಿನ್ ಮಗ್ಳಿಗೆ ಕುಯ್ಸಿದ್ಯಾ?" ಎಂದು ಗದರಿದರು.

"ಇಲ್ಲಮ್ಮಾ, ಮಾಡಿಸ್ಲಿಲ್ಲ. ಅದಕ್ಕೇ ಬಂದಿದ್ದೀನಿ" ಎಂದೆ.

ಆಮೇಲೆ ಎಲ್ಲ ಹೇಳಿದೆ. ಚೀಟಿ, ಕ್ಯಾರೆಟ್, ಆಲ್ಬಮ್, ನಿನ್ನ ಸ್ಕ್ಯಾನ್, ನಿನ್ನ ಕೆನ್ನೆ. ಯಾರಿಗೂ ಗೊತ್ತಾಗಬಾರದೆಂದು ಹತ್ತೊಂಬತ್ತು ವರ್ಷ ಬಚ್ಚಿಟ್ಟಿದ್ದನ್ನು ಅವರ ಜಗಲಿಯ ಮುಂದೆ ನಿಂತು ಹೇಳಿದೆ. ಅಕ್ಕಪಕ್ಕದವರೂ ಬಂದು ಕೇಳಿಸಿಕೊಂಡರು. ಆ ದಾರಿಯಲ್ಲಿ ಬಂದ ಮುನಿರಾಮಯ್ಯ ಬಾಯಿಗೆ ಕೈಯಿಟ್ಟುಕೊಂಡ. ಯಾರೋ "ಥೂ" ಎಂದರು. ಸರಳಾ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಆಸ್ಪತ್ರೆಯ ವಿಳಾಸ ಬರೆದು, ಜೊತೆಗೆ ಬೇಕಿದ್ದರೆ ನಾನೂ ಬರುತ್ತೇನೆಂದು ಹೇಳಿ ಬಂದೆ. ಒಪ್ಪುತ್ತಾಳೋ ಇಲ್ಲವೋ ತಿಳಿಯದು.

ನಿನ್ನ ಕ್ಷಮೆಗಾಗಿ ಇದನ್ನು ಮಾಡಲಿಲ್ಲ ಎಂದು ಬರೆಯಹೊರಟಿದ್ದೆ. ಇನ್ನು ಸುಳ್ಳು ಬೇಡ. ಅರ್ಧ ಅದಕ್ಕೂ ಹೌದು.

ಅಪ್ಪ


ತಣಿಸಂದ್ರ
ಸೆಪ್ಟೆಂಬರ್ 20, 2024

ಅಪ್ಪ,

ನಿನ್ನೆ ನನಗೆ ಎರಡನೇ ತಿಂಗಳ ಚೆಕಪ್ ಇತ್ತು. ಹತ್ತೂವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಬಂದೆ. ಮಕ್ಕಳ ವಿಭಾಗದ ಮುಂದಿನ ಬೆಂಚಿನಲ್ಲಿ ನೀವು ಕೂತಿದ್ದಿರಿ.

ಪಕ್ಕದಲ್ಲಿ ಫೈಲು ಹಿಡಿದು ಕೂತಿದ್ದವಳು ಸರಳಾ ಇರಬೇಕು. ಮಗು ನಿಮ್ಮ ತೊಡೆಯ ಮೇಲಿತ್ತು. ಕಣ್ಣಿಗೆ ಡ್ರಾಪ್ಸ್ ಹಾಕಿದ್ದರೆಂದು ಕಾಣುತ್ತದೆ, ರಚ್ಚೆ ಹಿಡಿದು ಅಳುತ್ತಿತ್ತು. ನೀವು ಕರ್ಚೀಫಿನಲ್ಲಿ ಅದರ ಮೂಗು ಒರೆಸಿ, ಕಿವಿಯಲ್ಲಿ ಏನೋ ಹೇಳಿದಿರಿ. ಅಳು ನಿಂತಿತು. ನರ್ಸ್ ಹೆಸರು ಕರೆದಾಗ ಅಮ್ಮನ ಹತ್ತಿರ ಹೋಗದೆ ನಿಮ್ಮ ಕೊರಳಿಗೆ ಜೋತುಬಿತ್ತು. ನೀವು ಎತ್ತಿಕೊಂಡು ಒಳಗೆ ಹೋದಿರಿ.

ಮನೆಗೆ ಬಂದು ಅತ್ತೆಗೆ ಹೇಳಿದಾಗ, "ನೋಡ್ದ್ಯಾ, ನಿಮ್ಮಪ್ಪ ಎಷ್ಟು ಬದಲಾಗಿದ್ದಾನೆ" ಎಂದು ಕಣ್ಣೊರೆಸಿಕೊಂಡರು. ನನಗೆ ಹಾಗೆ ಏನೂ ಅನ್ನಿಸಲಿಲ್ಲ. ನನಗೆ ಹೊಟ್ಟೆ ಉರಿಯಿತು. ಇಪ್ಪತ್ತೈದು ವರ್ಷದ ಕತ್ತೆ ನಾನು, ನಾಲ್ಕು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚುಪಟ್ಟೆ. ನೀವು ನನ್ನನ್ನು ಒಂದೇ ಒಂದು ಸಲ ಹಾಗೆ ಎತ್ತಿಕೊಂಡು ಆ ಬಾಗಿಲೊಳಗೆ ಹೋಗಿದ್ದರೆ ಸಾಕಿತ್ತು. ನಾನೂ ಅಳುತ್ತಿದ್ದೆ, ನೀವು ಕಿವಿಯಲ್ಲಿ ಏನಾದರೂ ಹೇಳುತ್ತಿದ್ದಿರಿ. ಅದನ್ನು ಈಗ ಯಾರು ತಂದುಕೊಡುತ್ತಾರೆ?

ಮುಂದೆ ಬರಲು ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತು, ಡಾಕ್ಟರನ್ನು ನೋಡದೆ ವಾಪಸು ಬಂದುಬಿಟ್ಟೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಯಾವತ್ತಾದರೂ ಬರುತ್ತದೋ ಗೊತ್ತಿಲ್ಲ. ಸುಮ್ಮನೆ ಕಾಯಬೇಡಿ.

ಚೆಕಪ್‌ ಅನ್ನು ಮುಂದಿನ ಗುರುವಾರ ಹತ್ತೂವರೆಗೆ ಹಾಕಿಸಿಕೊಂಡಿದ್ದೇನೆ. ಆ ಮಗುವಿಗೆ ಅವಳ ಅಮ್ಮ ಇದ್ದಾಳೆ. ನೀವು ನನ್ನ ಜೊತೆ ಬನ್ನಿ.

ನಿಮ್ಮ ಮಗಳು
ಮಹತಿ